ಹಿಂದಿನ ಗಾಡಿಯ ಜಂಬಗಾರ

ಸೆಡೂನಾ, 14-8-1983

ಅಕ್ಕಾ,

ನಮ್ಮ ಉಮಾಕಾಂತನಿಗೆ ಪರ್ತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಅಡಿಲೇಡ್ ಬಿಟ್ಟು ಹೊರಟಿದ್ದೇವೆ. ಬಸ್ಸಿನಂಥ ಗಾಡಿ, ಒಳಗೇ ಒಲೆ, ಮಂಚ, ಕಕ್ಕಸು. ಅದರ ಬೆನ್ನಿಗೆ ಕಬ್ಬಿಣದ ಸರಳು ಸಿಕ್ಕಿಸಿ ಪಿಕಪ್ಪನ್ನೂ ಎಳೆದುಕೊಂಡು ಹೋಗುತ್ತಿದ್ದಾನೆ. ಪಿಕಪ್ಪಿನಲ್ಲಿ ಯಾರೂ ಇಲ್ಲ. ತಿರುವು ಬಂದರೆ ಸ್ಟೀರಿಂಗು ತಾನೇ ತಿರುಗುತ್ತದೆ!

ಮನೆಯೆಂದ ಮೇಲೆ ದೃಷ್ಟಿಬೊಂಬೆ ಬೇಡವೇ? ದಿಂಬಿಗೆ ಕಾಡಿಗೆಯಲ್ಲಿ ಮೀಸೆ ಬರೆದು, ಚಳಿಗೆಂದು ನೀನು ಕೊಟ್ಟ ಭಾವನವರ ಹಳೇ ಕೋಟು ತೊಡಿಸಿ, ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಈ ದಾರಿಯಲ್ಲಿ ಸಿಕ್ಕಿದ ಡ್ರೈವರುಗಳು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸುವುದು ಪದ್ಧತಿ. ನಮ್ಮನ್ನು ದಾಟಿ ಬಂದಿದ್ದ ಲಾರಿಯವನೊಬ್ಬ ಪೆಟ್ರೋಲ್ ಬಂಕಿನಲ್ಲಿ ಉಮಾಕಾಂತನ ಮೇಲೆ ರೇಗಿದ. ಇವನು ಬಂದು ನನ್ನ ಮೇಲೆ ರೇಗಿದ:

"ಅಮ್ಮಾ, ಹಿಂದಿನ ಗಾಡಿ ಮೀಸೆಯವನಿಗೆ ಎಷ್ಟು ಜಂಬ, ಒಂದು ಬೆರಳೂ ಎತ್ತಲ್ಲ ಅಂತ ಲಾರಿಯವನು ಬೈತಿದಾನೆ. ಮೊದ್ಲು ಆ ಬೊಂಬೆ ಕಿತ್ತಾಕು!"

ಕೀಳುತ್ತೇನೆಯೇ? ಅವನದೇ ಆಪರೇಷನ್ ಗ್ಲೌಸಿಗೆ ಹತ್ತಿ ತುಂಬಿ, ಒಂದು ಬೆರಳು ಬಿಟ್ಟು ಉಳಿದವನ್ನು ಮಡಿಸಿ ದಾರ ಸುತ್ತಿ, ಸ್ಟೀರಿಂಗಿಗೆ ಕಟ್ಟಿಬಿಟ್ಟೆ. ಈಗ ಲಾರಿಯವರು ಹಾರನ್ ಹೊಡೆದು ಮರ್ಯಾದೆ ಮಾಡುತ್ತಾರೆ.

ನನ್ನ ಮಂಡಿನೋವು ಪರವಾಗಿಲ್ಲ. ಮೈಸೂರಿನಲ್ಲಿ ಬೀದಿಯವರು ನಮಸ್ಕಾರ ಎಂದರೂ ಪೇಪರಿನಿಂದ ತಲೆಯೆತ್ತದ ಭಾವನವರ ಕೋಟಿಗೆ ಆಸ್ಟ್ರೇಲಿಯಾದಲ್ಲಿ ಬುದ್ಧಿ ಬಂದಿದೆ. ಈ ಕಾರ್ಡು ಅವರಿಗೆ ತೋರಿಸಬೇಡ. ಅವರೇ ಮೊದಲು ಓದಿದ್ದರೆ, ನಮಸ್ಕಾರ ಭಾವ. ಒಂದು ಬೆರಳಾದರೂ ಎತ್ತಿ.

ನಾಗವೇಣಿ