ಲಟ್ಟಣಿಗೆ ಹಿಡಿದು ಕೂರಿಸಿದ ಕ್ಲಚ್ಚು

ಅವ್ವಾ, ನನ್ನವ್ವಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನಮ್ಮ ಅಂಬಾಸಿಡರ್ ಎದ್ದಿತು! ಬೇರೆ ಎಂಜಿನ್ನು, ಹೊಸ ಕ್ಲಚ್ಚು. ಕೂರಿಸಿದ್ದು ನಾನು ಮತ್ತು ಅಪ್ಪ, ಹಗರಿಬೊಮ್ಮನಹಳ್ಳಿಯ ನಮ್ಮ ಶೆಡ್ಡಿನಲ್ಲೇ. ಜೊತೆಗೆ ನಿನ್ನ ಲಟ್ಟಣಿಗೆ. ಬೈಯಬೇಡ, ಪೂರ್ತಿ ಕೇಳು.

ಆ ಲಟ್ಟಣಿಗೆ ಶೆಡ್ಡಿಗೆ ಹೋದ ದಿನ ನೆನಪಿದೆಯಾ? ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ಹಿಡಿದು ನಿಲ್ಲಿಸಲು ಅಪ್ಪನಿಗೆ ಒಂದು ಗುಂಡನೆಯ ಕೋಲು ಬೇಕಿತ್ತು. ಸೀದಾ ಅಡುಗೆಮನೆಗೆ ಬಂದ. ನೀನು ಸುಮ್ಮನೆ ಕೊಡುವವಳೇ? "ಒಯ್ರಿ ಲಟ್ಟಣಿಗಿ. ಆದ್ರ ನನಗ ಗಾಡಿ ಕಲಸಬೇಕು. ಮಾಗಳಕ್ಕ ಒಂದ್ಸಲ ನಾನ ನಡಿಸಿಕೊಂಡು ಹೋಗ್ತೀನಿ" ಅಂದೆ. ತವರಿನ ಹೊಳೆದಂಡೆಗೆ ನೀನೇ ಕಾರು ತಂದು ನಿಲ್ಲಿಸಿದರೆ ನಿನ್ನ ತಂಗಿ ಶಾಂತಚಿಗವ್ವ ಹೇಗೆ ಬಾಯಿ ತೆರೆದು ನಿಲ್ಲುತ್ತಾಳೆ ಎಂದು ನನಗೆ ಮಾಡಿಯೂ ತೋರಿಸಿದ್ದೆ. ಅಪ್ಪ "ಆತು ತಗಾ, ಕಲಸ್ತೀನಿ" ಎಂದವನೇ ಅದರ ತುದಿ ಕೆತ್ತಿಬಿಟ್ಟ.

ಆಮೇಲೆ ಆದದ್ದು ನಿನಗೇ ಗೊತ್ತು. ಕ್ಲಚ್ಚು ಜಾರಬಾರದೆಂದು ಅಪ್ಪ ಹಾಕಿದ್ದು ಗಟ್ಟಿ ಸ್ಪ್ರಿಂಗಿನದು. ನೀನು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು, ಹಲ್ಲು ಕಚ್ಚಿ ಒತ್ತಿದರೂ ಪೆಡಲು ಅರ್ಧಕ್ಕಿಂತ ಕೆಳಗೆ ಹೋಗಲಿಲ್ಲ. "ನಿನ್ನ ಮೊಣಕಾಲಿಗೆ ಆಗಂಗಿಲ್ಲ ಬಿಡು" ಅಂದ. "ಹಗುರ ಆದಾಗ ಹೇಳ್ರಿ" ಎಂದು ಇಳಿದುಹೋದೆ. ಅಂದಿನಿಂದ ನೀನು ಎಡಗಡೆ ಸೀಟಿನಲ್ಲಿ ಕೂತು, ಅಪ್ಪ ಗೇರು ಹಾಕಿದಾಗಲೆಲ್ಲ ಕ್ಲಚ್ಚು ಒತ್ತಿದ ಹಾಗೆ ಕಾಲಿನಿಂದ ನೆಲವನ್ನು ಒತ್ತುತ್ತಿದ್ದೆ. ನಾನು ಹಿಂದೆ ಕೂತು ನಗುತ್ತಿದ್ದೆ. ಈಗ ಯೋಚಿಸಿದರೆ... ಯಾಕೆ ನಗಬೇಕಿತ್ತು ನಾನು?

ನೀನು ಕಣ್ಣು ಮುಚ್ಚಿದ ಮೇಲೆ ಗಾಡಿಯ ಎಂಜಿನ್ನೂ ಜಾಮಾಗಿ ನಿಂತಿತು. ಎಲ್ಲರೂ ಗುಜರಿಗೆ ಹಾಕಿ ಅಂದರು. ಅಪ್ಪ ಹರಪನಹಳ್ಳಿಯಿಂದ ಇನ್ನೊಂದು ಎಂಜಿನ್ ಹುಡುಕಿ ತಂದ. ಅದಕ್ಕೆ ಕಂಪನಿಯ ಕ್ಲಚ್ಚು ಈಗ ಬರುವುದಿಲ್ಲ, ಬೇರೆಯವರು ಮಾಡಿದ್ದನ್ನು ಹೊಸಪೇಟೆಯಿಂದ ತರಿಸಿದೆವು. ಅದರ ಪ್ಲೇಟನ್ನು ಮೊದಲು ನಮ್ಮ ಗೇರ್‌ಬಾಕ್ಸಿನ ಶಾಫ್ಟಿಗೆ ಹಾಕಿ ನೋಡಿದೆ. ಹಲ್ಲಿಗೆ ಹಲ್ಲು ಕೂತು ಸಲೀಸಾಗಿ ಜಾರಿತು! ಕುಣಿಯುವಷ್ಟು ಖುಷಿ ನನಗೆ. ಉಪ್ಪಿನಕಾಯಿ ಭರಣಿ ಮುಟ್ಟುವ ಮುಂಚೆ ನೀನು ನನ್ನ ಕೈ ಮೂಸಿ ನೋಡುತ್ತಿದ್ದೆಯಲ್ಲ, ಹಾಗೇ ಅಪ್ಪನ ಕೈ ನೋಡಿ, ತೊಳೆಸಿ, ಆಮೇಲೆ ಪ್ಲೇಟು ಮುಟ್ಟಲು ಬಿಟ್ಟೆ. ಅದಕ್ಕೆ ಗ್ರೀಸು ತಾಗಿದರೆ ಎಲ್ಲ ಹಾಳು.

ಅಷ್ಟಾದರೂ ಜಗಳ ಬಿತ್ತು. ಪ್ಲೇಟಿನ ಮೇಲೆ ಯಾವ ಮುಖ ಯಾವ ಕಡೆಗೆ ಎಂದು ಬರೆದೇ ಇರಲಿಲ್ಲ. ಅಪ್ಪ ಉಬ್ಬಿದ ಮುಖವನ್ನು ಎಂಜಿನ್ ಕಡೆಗೆ ಹಿಡಿದಿದ್ದ. "ಅಪ್ಪಾ, ಉಲ್ಟಾ ಹಿಡಿದಿ" ಅಂದೆ. "ನೀ ಹುಟ್ಟೋಕಿಂತ ಮೊದ್ಲಿಂದ ಕೂರಸಾಕತ್ತೀನಿ" ಅಂದ. ಹಟದಲ್ಲಿ ನಾನೇನು ಕಡಿಮೆಯೇ? ಬೋಲ್ಟು ಬಿಗಿಯುವ ಮುಂಚೆ ಕೈಯಲ್ಲೇ ತಿರುಗಿಸಿ ನೋಡು ಎಂದೆ. ತಿರುಗಿಸಿದ. ಉಬ್ಬು ಎಂಜಿನ್ ಚಕ್ರದ ಬೋಲ್ಟುಗಳಿಗೆ ಬಡಿದು ಕಟ್ ಕಟ್ ಎಂದಿತು. ಹಾಗೇ ಕೂರಿಸಿದ್ದರೆ ಗೇರೇ ಬೀಳುತ್ತಿರಲಿಲ್ಲ, ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಿತ್ತು. ಅಪ್ಪ ಪ್ಲೇಟನ್ನು ಮೆಲ್ಲಗೆ ತಿರುವಿ, "ಮೊದ್ಲ ಹೇಳಬಾರ್ದೇನವ್ವ?" ಅಂದ. ಕೇಳಿದೆಯಾ ಇವನ ಮಾತು!

ನಿನ್ನ ಲಟ್ಟಣಿಗೆಯ ತುದಿಗೆ ಟೇಪು ಸುತ್ತಿ, ಪ್ಲೇಟಿನ ತೂತಿನಿಂದ ಎಂಜಿನ್ ಚಕ್ರದ ನಡುವಿಗೆ ಸೇರಿಸಿದೆ. ಎದುರುಬದುರು ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಬಿಗಿದೆ. ಎಳೆದರೆ ಲಟ್ಟಣಿಗೆ ಒಂದಿಷ್ಟೂ ತಡೆಯದೆ ಕೈಗೆ ಬಂತು. ಗೇರ್‌ಬಾಕ್ಸು ಮೊದಲ ನೂಕಿಗೇ ಕೂತಿತು.

ಎಲ್ಲ ಜೋಡಿಸಿದ ಮೇಲೆ ಅಪ್ಪ ಕೆಳಗೆ ಬಗ್ಗಿ ಪೆಡಲನ್ನು ಕೈಯಿಂದ ಒತ್ತಿದ. ಅದು ಕೈಗೇ ಇಳಿಯಿತು ಅವ್ವಾ, ಅಷ್ಟು ಹಗುರ! ಮತ್ತೆ ಒತ್ತಿದ. ಮತ್ತೆ. ತಲೆ ಎತ್ತದೆ, "ನಿಮ್ಮವ್ವಗ ಆಗ್ತಿತ್ತಲ್ಲೇನವ್ವ ಇದು?" ಅಂದ. ಆಗುತ್ತಿತ್ತು ಅಂದೆ. ಇಬ್ಬರೂ ಅತ್ತೆವು, ಸುಳ್ಳು ಯಾಕೆ ಹೇಳಲಿ.

ನಿನ್ನೆ ಮಾಗಳಕ್ಕೆ ಹೋಗಿದ್ದೆವು. ಹೊಳೆದಂಡೆಯ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಅಪ್ಪ ಇಳಿದು ಚಿಗವ್ವನಿಗೆ ಬಾಗಿಲು ತೆರೆದ. "ಕುಂದ್ರು ಶಾಂತಾ. ನಿಮ್ಮಕ್ಕಗ ಕೊಟ್ಟ ಮಾತೈತಿ, ನಿನಗರ ಕಲಸ್ತೀನಿ." ಅವಳ ಬಾಯಿ ನೀನು ಮಾಡಿ ತೋರಿಸಿದ ಹಾಗೇ ತೆರೆಯಿತು ಅವ್ವಾ, ಥೇಟ್ ಹಾಗೇ! ಸೆರಗು ಸಿಕ್ಕಿಸಿ ಕೂತಳು. ಎರಡು ಸಲ ಕ್ಲಚ್ಚು ಬೇಗ ಬಿಟ್ಟು ಗಾಡಿ ಬಂದ್ ಮಾಡಿದಳು. ಮೂರನೆಯ ಸಲ ಗಾಡಿ ಹೊರಟಿತು. ನಾನು ಹಿಂದಿನ ಸೀಟಿನಿಂದ ನೋಡುತ್ತೇನೆ, ಎಡಗಡೆ ಕೂತ ಅಪ್ಪ ನೆಲವನ್ನು ಒತ್ತುತ್ತಿದ್ದಾನೆ!

ಚಿಗವ್ವ ಎದುರಿನ ಬಯಲಿನಿಂದ ಕಣ್ಣು ತೆಗೆಯದೆ ಕೂಗಿದಳು: "ಭಾವಾ, ಕಾಲು ತಗೀರಿ! ಕ್ಲಚ್ಚು ನನ್ನ ಕಡಿಗೈತಿ!"

ನಿನ್ನ ಮಗಳು,
ಗೌರಿ