ಓರಗಿತ್ತಿಗೆ ಸಿಕ್ಕ ನನ್ನ ಹಾಸಿಗೆ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರಬೇಕಾದ ನೀರು ಕಡಿಮೆಯಾಗಿದೆ. ಅದಕ್ಕಾಗಿ ತಾವು ನನ್ನ ಓರಗಿತ್ತಿಯನ್ನು ದಾಖಲು ಮಾಡಿಕೊಂಡಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಇನ್ನೊಂದು ಸಂಸ್ಥೆಯನ್ನು ನಾನು ಕಾಣೆ.

ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಇಬ್ಬರಿಗೂ ಎಂಟು ತಿಂಗಳು ತುಂಬಿದೆ. ಅವಳ ಗಂಡ, ಅಂದರೆ ನನ್ನ ಭಾವ, ಅಧೀಕ್ಷಕರಾದ ತಮ್ಮ ಕಾರಿನ ಚಾಲಕ. ಹಾಗಾಗಿ ಅವಳಿಗೆ ಸ್ಕ್ಯಾನಿಂಗ್ ಕೇಳಿದ ದಿನವೇ; ಹೊಲಿಗೆ ಯಂತ್ರ ತುಳಿಯುವ ನನಗೆ ಮುಂದಿನ ತಿಂಗಳ ಕೊನೆಗೆ. ಅಷ್ಟರಲ್ಲಿ ಹೆರಿಗೆಯೇ ಆಗಿಹೋಗುತ್ತದಲ್ಲ ಎಂದರೆ, "ಹಾಗಾದ್ರೆ ಸ್ಕ್ಯಾನಿಂಗ್ ಯಾಕೆ ಬೇಕಮ್ಮ?" ಎಂದರು ಕೌಂಟರಿನವರು. ತರ್ಕವೆಂದರೆ ಇದು! ಹೌದು, ನನಗೆ ಹೊಟ್ಟೆಕಿಚ್ಚಾಯಿತು. ಅವಳ ದುಂಡು ಹೊಟ್ಟೆ ಕಂಡರೂ, "ಅಯ್ಯೋ, ರಾತ್ರಿಯೆಲ್ಲ ಒದೀತಾನೇ ಇರುತ್ತೆ ಕಣೇ" ಎಂದು ಅವಳು ಗೊಣಗಿದರೂ ಮೈಯೆಲ್ಲ ಉರಿಯುತ್ತಿತ್ತು. ನನ್ನದು ಒದೆಯುವುದನ್ನೇ ಕಡಿಮೆ ಮಾಡಿತ್ತು.

ಅದನ್ನು ಹೇಳಿಕೊಂಡಾಗ, "ನನ್ನ ಸರದಿಗೆ ನೀನೇ ಹೋಗಿ ಮಲಕ್ಕೋ. ಹೊಟ್ಟೆ ಮೇಲೆ ಹೆಸರು ಬರ್ದಿರುತ್ತಾ?" ಎಂದಳು. ಹೋದೆ. ನೋಡಿದ ಡಾಕ್ಟರಮ್ಮ, "ನೀರು ತುಂಬಾ ಕಮ್ಮಿ ಇದೆ, ಇವತ್ತೇ ಅಡ್ಮಿಟ್ ಆಗ್ಬೇಕು" ಎಂದರು. ವಾರ್ಡಿನಲ್ಲಿ ಇಬ್ಬರೂ ನಿಜ ಹೇಳಿದೆವು.

"ರಿಪೋರ್ಟಲ್ಲಿ ಇವರ ಹೆಸರಿದೆ, ಇವರೇ ಮಲಗ್ಬೇಕು. ನಿಮ್ಮ ಹೆಸರಲ್ಲಿ ಸ್ಕ್ಯಾನಿಂಗ್ ಎಲ್ಲಿ ಆಗಿದೆ?" ಎಂದ ನರ್ಸ್, ಅವಳ ಕೈಗೇ ಸೂಜಿ ಚುಚ್ಚಿದರು. "ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಸುಮ್ನಿರಿ" ಎಂದರು ಭಾವ.

ನಿನ್ನೆಯಿಂದ ಅವಳು ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿ ಅಳುತ್ತಿದ್ದಾಳೆ. ನಾನು ಅವಳಿಗೆ ಫ್ಲಾಸ್ಕಿನಲ್ಲಿ ಬಿಸಿನೀರು ಹೊತ್ತು ತರುತ್ತಿದ್ದೇನೆ. ಆಗಾಗ ನರ್ಸ್ ಬಂದು ಅವಳ ಮಗುವಿನ ಎದೆಬಡಿತ ಕೇಳುತ್ತಾರೆ; ಕುದುರೆ ಓಡಿದಂತೆ ಕೇಳಿಸುತ್ತದೆ. ಆ ಸದ್ದಿನ ಮೇಲೂ ನನಗೆ ಅಸೂಯೆ. ಅವಳಿಗಿರುವ ಭಾಗ್ಯ ಸಾಲದೆಂದು ನನ್ನ ಕಾಯಿಲೆಯನ್ನೂ ಅವಳಿಗೇ ಕೊಟ್ಟಿರಾ?

ಬೇರೆಯವರ ಹೆಸರಿನಲ್ಲಿ ಮಲಗಿದ್ದು ನನ್ನ ತಪ್ಪು. ಶಿಕ್ಷೆ ನನಗಿರಲಿ, ಭಾವನ ಕೆಲಸ ಮುಟ್ಟಬೇಡಿ. ಈ ಪತ್ರವನ್ನು ನಾಲ್ಕು ಜನ ಓದಲೆಂದು ತಮ್ಮ ಕೋಣೆಯ ಬಾಗಿಲಿಗೇ ಅಂಟಿಸಿ, ಅದರ ಕೆಳಗೆ ಕೂತಿದ್ದೇನೆ. ಓದಿ ಮುಗಿಸಿದ ಕೂಡಲೇ ನನ್ನ ಹೆಸರಿನಲ್ಲಿ ನನ್ನ ಹೊಟ್ಟೆಯನ್ನು ನೋಡಿಸಿ, ಹಾಸಿಗೆ ಕೊಡಿಸಿ. ಕಿಟಕಿ ಇಲ್ಲದಿದ್ದರೂ ನಡೆಯುತ್ತದೆ. ನಾಳೆ ಅವಳ ಮಗು ಮೊದಲು ನಡೆಯಿತು, ಮೊದಲು ಮಾತಾಡಿತು ಎಂದು ಹೊಟ್ಟೆ ಉರಿದುಕೊಳ್ಳುವುದಕ್ಕಾದರೂ ನನಗೊಂದು ಮಗು ಬೇಕು.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಯಾವ ತೊಂದರೆಯೂ ಇಲ್ಲದ ಗರ್ಭಿಣಿ