ಸುರಂಗದ ಇಲಿಯ ದನಿ

ಗುರುವಾರ, ಮಾರ್ಚ್ ೧೪

ಮೇಷ್ಟ್ರಿಗೆ ನಮಸ್ಕಾರ.

ಬೇರೆ ಹೇಗೆ ಕರೆಯುವುದೋ ತಿಳಿಯಲಿಲ್ಲ. ಜೊತೆಗಿದ್ದಾಗಲೂ, ಬೇರೆಯಾದ ಮೇಲೂ ಬಾಯಿಗೆ ಬರುವುದು ಇದೊಂದೇ. ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸ್ವೆಟರ್ ಕಾರ್ಖಾನೆ ಮುಚ್ಚಿದ ಮೇಲೆ ನಾನು ಮನೆಯ ಮುಂದಿನ ಕೋಣೆಯಲ್ಲೇ ಹೆಣಿಗೆ ರಿಪೇರಿಗೆ ಕುಳಿತಿದ್ದೇನೆ. ಮೊಣಕೈ ಹರಿದವು, ಹುಳ ತಿಂದವು ಬರುತ್ತವೆ. ಹೊಟ್ಟೆಪಾಡಿಗೆ ತೊಂದರೆಯಿಲ್ಲ.

ಇವತ್ತು ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದೆ, ನಿಮ್ಮ ಷರತ್ತಿನ ಸಮೇತ. ಅಷ್ಟನ್ನು ಸಂಗ್ರಹಾಲಯದ ಹುಡುಗಿಯೇ ನಿಮಗೆ ತಿಳಿಸುತ್ತಾಳೆ. ಆದರೆ ನಡುವೆ ನಡೆದದ್ದನ್ನು ಅವಳು ಹೇಳಲಾರಳು. ಅದಕ್ಕೇ ಈ ಕಾಗದ.

ಅವಳು ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಬಂದಳು. ರಿಪೇರಿಗೇನೋ ತಂದಿದ್ದಾಳೆ ಅಂದುಕೊಂಡೆ. ಚೀಲದಿಂದ ತೆಗೆದದ್ದು ಹಳೆಯ ಕಂಪ್ಯೂಟರಿನ ಒಂದು ಫ್ಲಾಪಿ. ಅದರ ಮೇಲೆ ನನ್ನದೇ ಅಕ್ಷರದಲ್ಲಿ 'ಸುರಂಗದ ಇಲಿ' ಅಂತ ಇತ್ತು. ನಾವಿಬ್ಬರೂ ಸೇರಿ ಮಾಡಿದ ಆಟ. ಯಾವುದೋ ಶಾಲೆಯ ಉಗ್ರಾಣ ಖಾಲಿ ಮಾಡುವಾಗ ಸಿಕ್ಕಿತಂತೆ. ಗ್ರಂಥಾಲಯದ ಮೇಲಿನ ಮಹಡಿಯ ಸಂಗ್ರಹಾಲಯದಲ್ಲಿ ಅವಳು ಹಳೆಯ ಶೇರ್‌ವೇರ್ ಆಟಗಳನ್ನು ಕಾಪಾಡಿಡುತ್ತಾಳೆ. ಆಟದ ಮೊದಲ ಸುರಂಗಗಳು ಪುಕ್ಕಟೆ, ಯಾರಿಗೆ ಬೇಕಾದರೂ ಹಂಚಬಹುದು, ಮನಸ್ಸಿಗೆ ಹಿಡಿಸಿದವರು ಹಣ ಕಳಿಸಿದರೆ ಉಳಿದವು ಅಂಚೆಯಲ್ಲಿ ಎಂದು ನಾವು ಮಾರುತ್ತಿದ್ದೆವಲ್ಲ, ಅಂಥವು. ಈಗ ಮತ್ತೆ ಎಲ್ಲರೂ ಆಡುವಂತೆ ಬಿಡುಗಡೆ ಮಾಡುತ್ತಾಳಂತೆ.

"ಕೇಳೋರಿಲ್ಲ ಅಂತ ಎಷ್ಟೋ ಜನ ಹಾಗೇ ಎತ್ತಿ ಹಾಕ್ಕೊಳ್ತಾರೆ ಅಮ್ಮಾ. ನಾವು ಹಾಗೆ ಮಾಡಲ್ಲ. ಮಾಡಿದೋರು ಇನ್ನೂ ಇದ್ದಾರಲ್ಲ, ಅವರನ್ನ ಕೇಳ್ಬೇಕು ತಾನೇ? ನಿಮ್ಮಿಬ್ಬರಲ್ಲಿ ಒಬ್ಬರು ಬೇಡ ಅಂದ್ರೂ ನಮ್ಮ ಹತ್ರ ಇರೋದನ್ನ ಅಳಿಸಿಬಿಡ್ತೀವಿ" ಎಂದಳು.

ಅಳಿಸುವ ಮಾತು ಕೇಳಿ ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಕಾಣಲಿಲ್ಲ.

ಆಗ, ನಮ್ಮ ಮಗಳು ಚಿನಕುರಳಿ ತೀರಿಕೊಂಡ ವಾರವೇ, ನೀವು ಎಲ್ಲವನ್ನೂ ಅಳಿಸಿದಿರಿ. ಫ್ಲಾಪಿಗಳನ್ನು, ನಿಮ್ಮ ಕಂಪ್ಯೂಟರಿನಲ್ಲಿದ್ದದ್ದನ್ನು, ಟೇಪನ್ನೂ. ಅಂಗಡಿಗಳಿಗೆಲ್ಲ ಕಾಗದ ಬರೆದು ಮಾರಾಟ ನಿಲ್ಲಿಸಿದಿರಿ. ಅವಳ ದನಿಯಿದ್ದ ಟೇಪು ಮನೆಯಲ್ಲಿ ಅದೊಂದೇ. ನಾನು ಆಸ್ಪತ್ರೆಯಿಂದ ಬಂದ ಬಟ್ಟೆಗಳನ್ನು ಒಗೆಯುತ್ತಿದ್ದೆ, ನೀವು ಒಳಗೆ ಅಳಿಸುತ್ತಿದ್ದಿರಿ. ಆಮೇಲೆ ನಾನು ತಂಗಿಯ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಬೇರೆ ಜಗಳ ನಮ್ಮಲ್ಲಿ ಏನಿತ್ತು ಹೇಳಿ?

ಹುಡುಗಿ ನನ್ನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದಳು. ಹಳೆಯ ಗಾಜಿನ ಪರದೆ, ಹಳದಿಯಾದ ಕೀಲಿಮಣೆ. ಇಲಿ ಬಂತು. ಕಾರ್ಖಾನೆಯ ಚೌಕುಳಿ ಹಾಳೆಯ ಮೇಲೆ ಸ್ವೆಟರಿನ ನಮೂನೆ ಬಿಡಿಸುವ ಹಾಗೆ, ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಬಿಡಿಸಿದ ಇಲಿ. ಅದರ ಬಾಲ ಡೊಂಕು ಅಂತ ನೀವು ನಗುತ್ತಿದ್ದಿರಿ. ಈಗಲೂ ಡೊಂಕೇ.

ಮೊದಲ ಹಳ್ಳದಲ್ಲೇ ಇಲಿ ಬಿತ್ತು. "ಅಯ್ಯಯ್ಯೋ, ಬಿದ್ನಲ್ಲಪ್ಪಾ!"

ಮೇಷ್ಟ್ರೇ, ನಮ್ಮ ಚಿನಕುರಳಿಯದೇ ದನಿ. ಮುಂದಿನ ಹಲ್ಲು ಬಿದ್ದಿದ್ದ ಕಾಲದ್ದು, ಕೊನೆಯಲ್ಲಿ ಕಿಸಕ್ಕೆಂದು ನಗು. ನಾನು ಮತ್ತೆ ಆಡಿದೆ. ಹಳ್ಳ ದಾಟುವುದು ನನಗೆ ಗೊತ್ತಿರಲಿಲ್ಲವೇ? ಆ ಹಳ್ಳ ಬಿಡಿಸಿದವಳೇ ನಾನು. ಬೇಕೆಂದೇ ಬೀಳಿಸಿದೆ. ಮತ್ತೆ ಬೀಳಿಸಿದೆ. ಹುಡುಗಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು, ಪಾಪ.

ಕೊನೆಗೆ ಅವಳೇ ಕೇಳಿದಳು: "ಮಗು ಮಾತಾಡೋಕೆ ಮುಂಚೆ ಸಣ್ಣಗೆ ಗಂಡಸಿನ ದನಿ ಇದೆಯಲ್ಲಮ್ಮ, ಯಾರದು?" ಹೆಡ್‌ಫೋನು ಕೊಟ್ಟಳು. ಕಿವಿಗೆ ಒತ್ತಿ ಹಿಡಿದು ಕೇಳಿದೆ. ಪಿಸುದನಿಯಲ್ಲಿ ನೀವು. "ಹೂಂ, ಈಗ ಹೇಳು ಕಂದಾ."

ಅಷ್ಟು ಮೆತ್ತಗೆ ನೀವು ಮಾತಾಡುತ್ತಿದ್ದದ್ದು ನನಗೆ ಮರೆತೇಹೋಗಿತ್ತು. ಟೇಪು ಅಳಿಸಿದ ಮನುಷ್ಯನ ಮುಖವೊಂದೇ ಇಷ್ಟು ವರ್ಷ ಕಣ್ಣ ಮುಂದಿತ್ತು.

ಹುಡುಗಿಯ ಕಾಗದಗಳಿಗೆ ನೀವು ಬಹಳ ದಿನ ಉತ್ತರಿಸಲಿಲ್ಲ. ಕೊನೆಗೆ ಬಂದ ಉತ್ತರವನ್ನು ಅವಳು ನನಗೆ ಓದಿ ಹೇಳಿದಳು. ಒಪ್ಪಿಗೆಯಿದೆ, ಆದರೆ ಆ ದನಿ ತೆಗೆಯಬೇಕು. ನಾನು ರೇಗಿದೆ. "ದನಿ ತೆಗೆದ್ರೆ ಅದರಲ್ಲಿ ಇನ್ನೇನಿದೆ, ಬರೀ ಇಲಿ! ಒಂದ್ಸಲ ಅಳಿಸಿದ್ದು ಸಾಲ್ದಾ ಅವರಿಗೆ?" ಎಂದೆ. ಆಗ ಅವಳು ನಿಮ್ಮ ಮುಂದಿನ ಸಾಲನ್ನೂ ಓದಿದಳು: 'ಮಗಳು ಮಹಡಿಯಿಂದ ಬಿದ್ದು ಹೋದವಳು. ಗುರುತಿಲ್ಲದವರು ಅವಳನ್ನು ದಿನವೂ ಬೀಳಿಸುತ್ತಾ ಇರುವುದನ್ನು ನಾನು ತಾಳಲಾರೆ.'

ನಿಮ್ಮ ಕಾಗದ ಬರುವವರೆಗೂ ಹುಡುಗಿಗೆ ಆ ಸಂಗತಿ ಗೊತ್ತಿರಲಿಲ್ಲ. ನಾನು ಎದ್ದು ಬಂದೆ.

ಆ ತಾರಸಿಗೆ ಅಡ್ಡಗೋಡೆ ಕಟ್ಟಿ ಮುಗಿಸಿರಲಿಲ್ಲ. ಮಗಳು ಬೀಳುವಾಗ ಏನೆಂದು ಕೂಗಿದಳೋ ಕೇಳಿದವರು ನೀವೊಬ್ಬರೇ. ನಾನು ಕಾರ್ಖಾನೆಯಲ್ಲಿದ್ದೆ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

ಆದರೂ ರುಜು ಹಾಕಲು ಕೈ ಬರಲಿಲ್ಲ. ಇನ್ನೊಮ್ಮೆ ದನಿ ಕೇಳೋಣವೆಂದು ಕಳೆದ ವಾರ ಅಲ್ಲಿಗೆ ಹೋದೆ. ಪಕ್ಕದ ಮೇಜಿನಲ್ಲಿ ಇಬ್ಬರು ಕಾಲೇಜು ಹುಡುಗರು ಬೇರೆ ಯಾವುದೋ ಆಟ ಆಡುತ್ತಿದ್ದರು. ಅದರ ಸೈನಿಕ ಸಾಯುವಾಗ ವಿಚಿತ್ರವಾಗಿ ಕಿರುಚುತ್ತಾನೆ. "ಲೋ, ಇನ್ನೊಂದ್ಸಲ ಸಾಯಿಸೋ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರದೇನೂ ತಪ್ಪಿಲ್ಲ. ನಗಲಿ ಎಂದೇ ತಾನೇ ನಾವೂ ಇಲಿಗೆ ದನಿ ಕೊಟ್ಟದ್ದು. ಆದರೆ ನನಗೆ ಅಲ್ಲಿ ಕೂರಲಾಗಲಿಲ್ಲ. ನಿಮ್ಮ ಸಾಲು ಆಗ ಅರ್ಥವಾಯಿತು.

ದನಿಯ ಜಾಗದಲ್ಲಿ ಗಂಟೆಯ ಸದ್ದು ಹಾಕಲೇ ಎಂದು ಹುಡುಗಿ ಕೇಳಿದಳು. ಏನೂ ಬೇಡ ಎಂದೆ. ಇವತ್ತು ತೋರಿಸಿದಳು. ಇಲಿ ಈಗ ಸದ್ದಿಲ್ಲದೆ ಬೀಳುತ್ತದೆ, ಮೈ ಕೊಡವಿಕೊಂಡು ಎದ್ದು ಮತ್ತೆ ನಡೆಯುತ್ತದೆ. ಅವಳ ದನಿಯಿರುವ ಮೂಲ ಪ್ರತಿ ಬೀಗದ ಕಪಾಟಿನಲ್ಲಿರುತ್ತದೆ. ಅದನ್ನು ತೆಗೆಸಿ ಕೇಳುವ ಹಕ್ಕು ನಿಮಗೆ ಮತ್ತು ನನಗೆ ಮಾತ್ರ. ನಿಮ್ಮನ್ನು ಕೇಳದೆ ಇದೊಂದನ್ನು ಬರೆಸಿದ್ದೇನೆ. ಬೇಡವೆನ್ನಬೇಡಿ.

ಆರೋಗ್ಯ ನೋಡಿಕೊಳ್ಳಿ. ಮಂಡಿನೋವಿಗೆ ಉಣ್ಣೆಯ ಪಟ್ಟಿ ಹೆಣೆದು ಕಳಿಸಬಲ್ಲೆ, ಅಳತೆ ತಿಳಿಸಿದರೆ.

ಇಂತಿ,
ಚಿನಕುರಳಿಯ ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮೊದಲೇ ತಿಳಿಸಿದ್ದರೆ ಕನಿಕರಕ್ಕೆ ನಿಮ್ಮ ಷರತ್ತು ಬಿಟ್ಟುಕೊಡುತ್ತಿದ್ದಿರಿ, ನನಗೆ ಗೊತ್ತು. ನನ್ನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಬರುವ ಚಳಿಗಾಲದವರೆಗೆ ಉಳಿಯುವುದಿಲ್ಲ ಎಂದಿದ್ದಾರೆ ವೈದ್ಯರು. ಆಮೇಲೆ ಆ ಕಪಾಟಿಗೆ ಹೋಗಬೇಕಾದವರು ನೀವೊಬ್ಬರೇ. ಈಗಲೇ ಬೇಡ, ಆದಾಗ ಹೋಗಿ. ಕೇಳಿ ಬಂದ ದಿನ ಒಂದು ಸಾಲು ಬರೆಯಿರಿ, ಅವಳು ಹೇಗೆ ನಕ್ಕಳು ಅಂತ.